ನಲವತ್ತಮೂರು ಮಕ್ಕಳ ಜ್ಞಾನತಂದೆ

ಸಮಿತಿಯಿಂದ ಬಂದ ಕಾಗದದಲ್ಲಿ ಇದ್ದದ್ದು ನಾಲ್ಕೇ ಸಾಲು. ಆ ನಾಲ್ಕು ಸಾಲಿನಲ್ಲೇ ಎರಡು ಸಲ 'ವಿಷಾದಿಸುತ್ತೇವೆ' ಎಂದು ಬರೆದಿದ್ದರು. ಬೆನಿನ್ಯಾ ಕಿಂತಾನಾ ಎಂಬ ಎಂಬತ್ತಮೂರು ವರ್ಷದ ಹೆಂಗಸು ಸಾನ್ ಕಸಿಯಾನೊ ಊರಿನ ಮೆರ್ಸೆದ್ ಭೂಮಿಗೆ ವಾರಸುದಾರಳಲ್ಲ. ಆದ್ದರಿಂದ ಊರ ಸ್ಮಶಾನದಲ್ಲಿ ಅವಳ ಹೆಸರಿಗೆ ಜಾಗ ಕೊಡಲು ಬರುವುದಿಲ್ಲ. ಕೆಳಗೆ ಅಧ್ಯಕ್ಷ ಫಿಲಿಬೆರ್ತೊ ವಾಲ್ವೆರ್ದೆಯ ರುಜು, ಕಾಗದದ ಅಂಚಿನವರೆಗೂ ಬಾಲ ಎಳೆದು.

ಡೆಲ್ಫಿನಾ ಅದನ್ನು ಮತ್ತೆ ಮತ್ತೆ ಓದುವಷ್ಟರಲ್ಲಿ ಒಲೆಯ ಮೇಲಿನ ಬೀನ್ಸ್ ತಳ ಹಿಡಿಯಿತು. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕಿ ನಿವೃತ್ತಳಾದವಳು, ಒಂದು ದಿನವೂ ತಳ ಹಿಡಿಸಿದವಳಲ್ಲ. ಆ ಸಿಟ್ಟೂ ಫಿಲಿಬೆರ್ತೊನ ಲೆಕ್ಕಕ್ಕೇ ಸೇರಿತು.

"ಏನಂತೆ ಕಾಗದ?" ಒಳಕೋಣೆಯಿಂದ ಅಮ್ಮ ಕೇಳಿದಳು.

"ಏನಿಲ್ಲಮ್ಮ. ಕರೆಂಟ್ ಬಿಲ್ಲು."

"ಕರೆಂಟ್ ಬಿಲ್ಲು ಓದ್ತಾ ಯಾರೂ ಅಷ್ಟು ಹೊತ್ತು ಉಸಿರು ಬಿಗಿಹಿಡಿಯಲ್ಲ ಕಣೆ. ಇಲ್ಲ ಅಂದ್ರಾ?"

"ಇಲ್ಲ ಅಂದ್ರು."

ಈ ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದು ಇಬ್ಬರಿಗೂ ಗೊತ್ತಿತ್ತು. ಜೀವಮಾನದಲ್ಲಿ ಮಗಳಿಂದ ಒಂದು ಲೋಟ ನೀರನ್ನೂ ಕೇಳಿ ಪಡೆಯದ ಹೆಂಗಸು ಬೆನಿನ್ಯಾ. ಈಗ ಕೇಳಿದ್ದು ಒಂದೇ: ತನ್ನ ತಾಯಿ ಪಾಸ್ಕ್ವಾಲಾಳ ಗೋರಿಯ ಪಕ್ಕದಲ್ಲಿ ತನ್ನನ್ನು ಮಲಗಿಸಬೇಕು. ಆ ಗೋರಿ ಸ್ಮಶಾನದ ಮಣ್ಣುಗೋಡೆಯ ಬುಡದಲ್ಲಿತ್ತು. ಅದರ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ನಲವತ್ತೆರಡು ವರ್ಷದಿಂದ ಖಾಲಿ ಬಿದ್ದಿತ್ತು.

ಮೆರ್ಸೆದ್ ಎಂದರೆ ಸ್ಪೇನಿನ ದೊರೆ ಹಿಂದೆ ಇಪ್ಪತ್ತೊಂದು ಮನೆತನಗಳಿಗೆ ಒಟ್ಟಾಗಿ ಬಿಟ್ಟುಕೊಟ್ಟ ನೆಲ. ಗುಡ್ಡದ ಸೌದೆ, ಕಣಿವೆಯ ಮೇವು, ಕಾಲುವೆಯ ನೀರು, ಸತ್ತವರಿಗೆ ಆರಡಿ ಮಣ್ಣು, ಎಲ್ಲವೂ ಅದರೊಳಗೆ. ದೊರೆ ಹೋದ, ಅವನ ಹಿಂದೆ ಬಂದವರೂ ಹೋದರು, ವಾಷಿಂಗ್ಟನ್ನಿನ ಸರ್ಕಾರದವರು ಬಂದು ಅರ್ಧ ಗುಡ್ಡ ನುಂಗಿದರು. ಉಳಿದರ್ಧಕ್ಕೆ ಆ ಇಪ್ಪತ್ತೊಂದು ಮನೆಗಳ ಸಂತಾನವೇ ಒಡೆಯರು. ಡೆಲ್ಫಿನಾಳ ಅಪ್ಪ ರೈಲುಹಳಿಯ ಕೆಲಸಕ್ಕೆ ಬಂದ ಪರವೂರಿನವನು, ಆ ಕಡೆಯಿಂದ ಏನೂ ದಕ್ಕುವಂತಿರಲಿಲ್ಲ. ಅಮ್ಮನ ಕಡೆಯಿಂದಲೋ, ಅಜ್ಜಿ ಪಾಸ್ಕ್ವಾಲಾ ಎಲ್ಲಿಂದ ಬಂದವಳೆಂದು ಯಾರಿಗೂ ಗೊತ್ತಿರಲಿಲ್ಲ. ಅವಳ ಮಕ್ಕಳ ತಂದೆ ಯಾರೆಂದು ಕೇಳುವ ಧೈರ್ಯ ಯಾರೂ ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಡೆಲ್ಫಿನಾ ಫಿಲಿಬೆರ್ತೊನ ಮನೆಗೆ ಹೋದಳು. ಅವನ ಹಜಾರದ ಒಂದು ಗೋಡೆಯನ್ನು ವಂಶವೃಕ್ಷವೇ ತುಂಬಿತ್ತು. ಬುಡದಲ್ಲಿ ಕುದುರೆಯೇರಿ ಬಂದ ಸ್ಪೇನಿನ ಮೂಲಪುರುಷ, ನಡುವೆ ಗಡ್ಡದ ದೊಡ್ಡವರು, ತುದಿಯಲ್ಲಿ ಫಿಲಿಬೆರ್ತೊ. ಭೂಮಾಪನ ಇಲಾಖೆಯಿಂದ ನಿವೃತ್ತನಾದ ಮೇಲೆ ಅರವತ್ತಾರರ ಆ ಮನುಷ್ಯನಿಗೆ ಇದೇ ಕೆಲಸ.

"ನೋಡಮ್ಮ ಡೆಲ್ಫಿನಾ, ನಿಯಮ ನಾನು ಮಾಡಿದ್ದಲ್ಲ, ಸಮಿತಿ ಮಾಡಿದ್ದು," ಎಂದ ಅವನು.

"ಸಮಿತಿಗೆ ಅಧ್ಯಕ್ಷರು ಯಾರು?"

"ನಾನೇ. ಆದ್ರೆ ನನಗೂ ನಿಯಮ ನಿಯಮವೇ. ಸ್ಮಶಾನದಲ್ಲಿ ಜಾಗ ಮುಗೀತಾ ಬಂತು. ಇಪ್ಪತ್ತೊಂದು ಮನೆತನದಲ್ಲಿ ಒಂದರಿಂದ ಇಳಿದು ಬಂದಿದೀವಿ ಅಂತ ದಾಖಲೆ ತಂದು ತೋರಿಸಿದ್ರೆ ನಾಳೆನೇ ಬರ್ಕೊಡ್ತೀನಿ."

"ನಮ್ಮಜ್ಜಿ ಎಪ್ಪತ್ತು ವರ್ಷ ನಿಮ್ಮ ಮನೇಲಿ ಇದ್ಲಲ್ಲ ದೊನ್ ಫಿಲಿಬೆರ್ತೊ."

"ಇದ್ಲು, ಇಲ್ಲ ಅಂದೋರ್ಯಾರು? ಪಾಪ, ಅನಾಥೆ. ಸ್ಪೇನಿನವರ ಮಗುನೇ. ತಂದೆ ತಾಯಿ ದಾರೀಲಿ ಸತ್ತೋದ್ರು. ನನ್ನ ಮುತ್ತಜ್ಜ ದೊನ್ ಎಲಿಸೆಯೊ ತಂದು ಸಾಕಿದ್ರು. ಮನೆಮಗಳ ಹಾಗೆ ನೋಡ್ಕೊಂಡ್ರು. ನನ್ನ ಪುಸ್ತಕದಲ್ಲಿ ಬರೆದಿದೀನಿ, ನೋಡು."

ಅವನು ತಾನೇ ಅಚ್ಚು ಹಾಕಿಸಿದ ವಾಲ್ವೆರ್ದೆ ವಂಶಚರಿತ್ರೆಯ ಒಂದು ಪ್ರತಿಯನ್ನು ಕೈಗಿಟ್ಟ. ಇನ್ನೂರ ಹತ್ತು ಪುಟದ ಪುಸ್ತಕ, ಅದರಲ್ಲಿ ಪಾಸ್ಕ್ವಾಲಾಗೆ ಒಂದೂವರೆ ಸಾಲು. ಮನೆಮಗಳ ಹಾಗೆ! ಮನೆಮಗಳು ಗೋಡೆಯ ಬುಡದಲ್ಲಿ ಯಾಕೆ ಮಲಗಿದ್ದಾಳೆ? ಮನೆಮಗಳು ಎಪ್ಪತ್ತರ ವಯಸ್ಸಿನಲ್ಲೂ ಮನೆಯವರೆಲ್ಲ ಉಂಡೆದ್ದ ಮೇಲೆ ಒಲೆಯ ಪಕ್ಕ ಕೂತು ಯಾಕೆ ಉಣ್ಣುತ್ತಿದ್ದಳು? ಡೆಲ್ಫಿನಾ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ತನ್ನ ಹಳೆಯ ಪಿಕಪ್ ಗಾಡಿ ಹತ್ತಿ, ನೇರ ರಾಜಧಾನಿ ಸಾಂತಾ ಫೆಗೆ ಹೋದಳು.

ಅಲ್ಲಿನ ದಾಖಲೆ ಕಚೇರಿಯಲ್ಲಿ ಊರೂರಿನ ಚರ್ಚುಗಳ ಹಳೆಯ ಪುಸ್ತಕಗಳನ್ನು ಫಿಲ್ಮಿನ ಸುರುಳಿ ಮಾಡಿ ಇಟ್ಟಿದ್ದರು. ಕತ್ತಲೆ ಕೋಣೆಯಲ್ಲಿ ಯಂತ್ರದ ಮುಂದೆ ಕೂತು ಹಿಡಿ ತಿರುಗಿಸುತ್ತ ಓದಬೇಕು. ಮೊದಲ ದಿನ ಡೆಲ್ಫಿನಾಗೆ ತಲೆ ತಿರುಗಿತೇ ಹೊರತು ಒಂದಕ್ಷರವೂ ತಿಳಿಯಲಿಲ್ಲ. ಪಕ್ಕದ ಯಂತ್ರದಲ್ಲಿ ಕೂತಿದ್ದ ಸೊತೆರೊ ಎಂಬ ಮುದುಕ ಅವಳ ಅವಸ್ಥೆ ನೋಡಿ ಕುರ್ಚಿ ಎಳೆದುಕೊಂಡು ಬಂದ. ನಿವೃತ್ತ ಪೋಸ್ಟ್‌ಮ್ಯಾನ್. ಎಂಥ ಕೋಳಿಕಾಲಿನ ಅಕ್ಷರವನ್ನಾದರೂ ಓದಬಲ್ಲವನು.

"ಯಾರನ್ನ ಹುಡುಕ್ತಿದೀಯಮ್ಮ? ಸರದಾರನ್ನಾ?"

"ಅಜ್ಜೀನ."

"ಸದ್ಯ. ಇಲ್ಲಿ ಬರೋರಿಗೆಲ್ಲ ಸ್ಪೇನಿನ ಸರದಾರನೇ ಬೇಕು. ಅಷ್ಟೊಂದು ಸರದಾರರು ಬಂದಿದ್ರೆ ಹಡಗಲ್ಲಿ ಹುಟ್ಟು ಹಾಕ್ದೋರ್ಯಾರು ಅಂತ ನಾನು ಕೇಳ್ತೀನಿ. ಒಬ್ರೂ ಉತ್ತರ ಕೊಡಲ್ಲ."

ಡೆಲ್ಫಿನಾ ತನಗೆ ಗೊತ್ತಿದ್ದದ್ದನ್ನು ಹೇಳಿದಳು. ಅಜ್ಜಿಗೆ ಪಾಸ್ಕ್ವಾಲಾ ಎಂದು ಹೆಸರಿಟ್ಟದ್ದು ಈಸ್ಟರ್ ಹಬ್ಬದಲ್ಲಂತೆ. ಸತ್ತಾಗ ಎಪ್ಪತ್ತಾರೋ ಎಪ್ಪತ್ತೇಳೋ. ಅಜ್ಜಿ ಸತ್ತಾಗ ತನಗೆ ಹದಿನಾರು. ಹೆಚ್ಚು ಮಾತಾಡದ, ತುಂಬ ದೈವಭಕ್ತೆಯಾದ ಹೆಂಗಸು.

"ಎಷ್ಟು ಭಕ್ತೆ ಅಂದ್ರೆ, ಈಸ್ಟರಿಗೆ ಮುಂಚಿನ ತಪಸ್ಸಿನ ನಲವತ್ತು ದಿನ ನಾವೆಲ್ಲ ಮಾಂಸ ಬಿಟ್ಟು ಮೀನು ತಿಂದ್ರೆ, ಅವಳು ಮೀನನ್ನೂ ಮುಟ್ತಿರಲಿಲ್ಲ. ಬರೀ ತೊರ್ತೀಯಾ ರೊಟ್ಟಿ, ಬೀನ್ಸು. ಪಾದ್ರಿಗಳು ಪೂಜೇಲೇ ಹೇಳ್ತಿದ್ರು, ಪಾಸ್ಕ್ವಾಲಾಳನ್ನ ನೋಡಿ ಕಲೀರಿ ಅಂತ."

ಸೊತೆರೊ ಹಿಡಿ ತಿರುಗಿಸುವುದನ್ನು ನಿಲ್ಲಿಸಿದ. "ತಪಸ್ಸಿನ ಕಾಲ ಮುಗಿದ್ಮೇಲೆ ತಿಂತಿದ್ಲಾ?"

ಡೆಲ್ಫಿನಾ ಯೋಚಿಸಿದಳು. ಬೇಸಿಗೆಯಲ್ಲಿ ಹೊಳೆಮೀನು ತಂದು ಹುರಿದರೆ ಅಜ್ಜಿ ಅಂಗಳಕ್ಕೆ ಎದ್ದು ಹೋಗುತ್ತಿದ್ದಳು. "ಇಲ್ಲ. ಯಾವತ್ತೂ ತಿಂದಿಲ್ಲ."

"ಸ್ಪೇನಿನವರು ಬರೋಕ್ ಮುಂಚೆಯಿಂದ ಈ ನೆಲದಲ್ಲಿರೋ ನವಾಹೋ ಜನ ಮೀನು ಮುಟ್ಟಲ್ಲಮ್ಮ," ಎಂದ ಸೊತೆರೊ. "ನಾವು ತಪ್ಪು ಸುರುಳಿ ನೋಡ್ತಿದೀವಿ."

ಎರಡು ವಾರ ಹಿಡಿಯಿತು. ವಾರಕ್ಕೆ ಮೂರು ದಿನ ಡೆಲ್ಫಿನಾ ಅಮ್ಮನಿಗೆ ಬೆಳಗಿನ ಗಂಜಿ ಕೊಟ್ಟು, ಪಕ್ಕದ ಮನೆಯವಳಿಗೆ ಹೇಳಿ ಬರುತ್ತಿದ್ದಳು. ಒಂದು ಗುರುವಾರ ಮಧ್ಯಾಹ್ನ ಸೊತೆರೊ ಪರದೆಯ ಮೇಲೆ ಬೆರಳಿಟ್ಟು, "ಓದ್ಲಾ? ಕೇಳೋಕೆ ಚೆನ್ನಾಗಿರಲ್ಲ," ಎಂದ.

"ಓದಿ."

ಸಾವಿರದ ಎಂಟುನೂರ ಅರವತ್ತಾರು, ಏಪ್ರಿಲ್ ಒಂದು, ಈಸ್ಟರ್ ಭಾನುವಾರ. ಪಾದ್ರಿ ಬರೆದಿದ್ದ: ನವಾಹೋ ಕುಲದ ಹುಡುಗಿ, ವಯಸ್ಸು ಸುಮಾರು ಆರು, ದೊನ್ ಎಲಿಸೆಯೊ ವಾಲ್ವೆರ್ದೆ ಯೂಟ್ ಜನರಿಂದ ಕೊಂಡದ್ದು, ಜ್ಞಾನಸ್ನಾನ ಕೊಟ್ಟು ಪಾಸ್ಕ್ವಾಲಾ ಎಂದು ಕರೆದೆ. ತಂದೆ ತಾಯಿ: ಗೊತ್ತಿಲ್ಲ. ಜ್ಞಾನತಂದೆ: ಸದರಿ ದೊನ್ ಎಲಿಸೆಯೊ.

ಡೆಲ್ಫಿನಾಗೆ ಕಣ್ಣೀರು ಬರಲಿಲ್ಲ. ಮೈಯೆಲ್ಲ ಉರಿಯಿತು. ಹಿಂದಿನ ಡಿಸೆಂಬರಿನಲ್ಲೇ ದೇಶದಲ್ಲಿ ಗುಲಾಮಗಿರಿ ಮುಗಿಯಿತೆಂದು ಅವಳು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದಳು. ಮುಗಿದು ನಾಲ್ಕು ತಿಂಗಳಿಗೆ, ಹಬ್ಬದ ದಿನ, ದೇವರ ಪೀಠದ ಮುಂದೆ, ಕೊಂಡ ಮಗುವನ್ನು ನಿಲ್ಲಿಸಿ ನೀರು ಹೊಯ್ದು ಬರೆದುಕೊಂಡಿದ್ದರು. ಕೊಂಡವನೂ ಅವನೇ, ಜ್ಞಾನತಂದೆಯೆಂದು ಹೊಣೆ ಹೊತ್ತು ದೇವರ ಮುಂದೆ ಅಪ್ಪನಾಗಿ ನಿಂತವನೂ ಅವನೇ. ತಂದೆ ತಾಯಿ ಗೊತ್ತಿಲ್ಲವಂತೆ. ಯಾರಿಗೆ ಗೊತ್ತಿಲ್ಲ? ಆರು ವರ್ಷದ ಹುಡುಗಿಗೆ ತನ್ನ ತಾಯಿಯ ಹೆಸರು ಗೊತ್ತಿರುವುದಿಲ್ಲವೇ? ತನ್ನ ಹೆಸರೇ ಗೊತ್ತಿರುವುದಿಲ್ಲವೇ? ಕೇಳಬೇಕು ಎಂದು ಆ ಚರ್ಚಿನಲ್ಲಿದ್ದ ಒಬ್ಬನಿಗೂ ಅನ್ನಿಸಲಿಲ್ಲ. ಎಲ್ಲೋ ಒಬ್ಬ ತಾಯಿ ಸಾಯುವವರೆಗೂ ಆ ಮಗುವನ್ನು ಹುಡುಕಿಕೊಂಡು ತಿರುಗಿರಬೇಕು. ಇವರು ಮಾತ್ರ ನೂರ ಹನ್ನೆರಡು ವರ್ಷ ಅನಾಥೆ ಅನಾಥೆ ಎನ್ನುತ್ತ ತಮ್ಮ ದೊಡ್ಡತನ ಹಾಡಿಕೊಂಡರು.

"ಅವಳ ಮನೆಯವರು ಯಾರು ಅಂತ ಪತ್ತೆ ಆಗತ್ತಾ?" ಎಂದು ಕೇಳಿದಳು.

ಸೊತೆರೊ ಅಡ್ಡಡ್ಡ ತಲೆಯಾಡಿಸಿದ. "ಸುಳ್ಳು ಹೇಳಲ್ಲಮ್ಮ. ಇಲ್ಲಿಗೆ ದಾರಿ ಮುಗೀತು. ಯೂಟರು ಹೊತ್ಕೊಂಡು ಬಂದು ಮಾರಿದ ಇಂಥ ಹುಡುಗೀರು ಈ ಸುರುಳಿಗಳಲ್ಲಿ ನೂರಾರು ಇದಾರೆ. ಎಲ್ಲರ ತಂದೆ ತಾಯಿನೂ ಗೊತ್ತಿಲ್ಲ."

ಪಾಸ್ಕ್ವಾಲಾಳ ನಾಲ್ಕು ಮಕ್ಕಳ ಜ್ಞಾನಸ್ನಾನದ ಪುಟಗಳು ಮುಂದಿನ ಸುರುಳಿಗಳಲ್ಲಿ ಸಿಕ್ಕವು. ನಾಲ್ಕರಲ್ಲೂ 'ತಂದೆ: ಗೊತ್ತಿಲ್ಲ'. ಗೊತ್ತಿಲ್ಲದ್ದನ್ನು ಬರೆಯುವುದರಲ್ಲಿ ಆ ಊರಿನ ಪಾದ್ರಿಗಳು ಪಳಗಿದ ಕೈ. ಸೊತೆರೊ ಈಸ್ಟರಿನ ಪುಟವನ್ನೂ ಈ ನಾಲ್ಕನ್ನೂ ಸ್ವಚ್ಛವಾಗಿ ನಕಲು ಮಾಡಿ ಕೊಟ್ಟು, "ಸ್ಮಶಾನದ ಜಾಗಕ್ಕೆ ಇದು ಸಾಲಲ್ಲ," ಎಂದು ಬೇಸರದಿಂದ ಹೇಳಿದ.

ಆ ಸಂಜೆ ಅಮ್ಮ ಮಂಪರಿನಲ್ಲಿದ್ದಾಗ ಡೆಲ್ಫಿನಾ ಮೆಣಸಿನ ಸಾರಿಗೆ ಆಲೂಗಡ್ಡೆ ಹೆಚ್ಚುತ್ತ, ನಾಲ್ಕು ನಕಲುಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದಳು. ಮೊದಲ ಮಗುವಿಗೆ ಜ್ಞಾನತಂದೆ ಯಜಮಾನ ಎಲಿಸೆಯೊ. ಎರಡನೆಯದಕ್ಕೆ ಅವನ ಎರಡನೇ ಮಗ. ಮೂರನೆಯದಕ್ಕೆ ಮೂರನೇ ಮಗ. ನಾಲ್ಕನೆಯದಕ್ಕೆ, ಅಂದರೆ ಅವಳ ಅಮ್ಮ ಬೆನಿನ್ಯಾಗೆ, ಮನೆಯ ಅಳಿಯ.

ಶಾಲೆಯಲ್ಲಿ ಮೇಷ್ಟರು ಬಂದ ಮಕ್ಕಳ ಹಾಜರಿ ಕೂಗುತ್ತಾರೆ. ಅಡುಗೆಯವಳ ಕಣ್ಣು ಉಳಿದ ತಟ್ಟೆಯ ಮೇಲಿರುತ್ತದೆ. ಇವತ್ತು ಯಾರು ಬಂದಿಲ್ಲ ಎನ್ನುವುದು ಅವಳಿಗೆ ಮೊದಲು ಗೊತ್ತಾಗುತ್ತದೆ. ವಾಲ್ವೆರ್ದೆ ಮನೆಯ ಗಂಡಸರು ಐವರು. ಸರದಿಯ ಮೇಲೆ ನಿಂತವರು ನಾಲ್ವರು. ಹಿರಿಯ ಮಗ ದೊನ್ ಅನ್ಸೆಲ್ಮೊ ಎಲ್ಲಿ?

ಅವಳು ಕೈ ಒರೆಸಿಕೊಂಡು ಫಿಲಿಬೆರ್ತೊನ ಪುಸ್ತಕ ತೆಗೆದಳು. ಅವನ ಸ್ವಂತ ಅಜ್ಜ ಅನ್ಸೆಲ್ಮೊನಿಗೆ ಇಡೀ ಒಂದು ಅಧ್ಯಾಯ. ಅದರಲ್ಲಿ ಹೆಮ್ಮೆಯಿಂದ ಅಚ್ಚು ಹಾಕಿಸಿದ ಪಟ್ಟಿ: ದೊನ್ ಅನ್ಸೆಲ್ಮೊ ಜ್ಞಾನತಂದೆಯಾಗಿ ಹೊಣೆ ಹೊತ್ತ ನಲವತ್ತಮೂರು ಮಕ್ಕಳು. ಕುರುಬನ ಮಕ್ಕಳಿದ್ದರು, ಹೇಸರಗತ್ತೆ ಹೊಡೆಯುವವನ ಮಕ್ಕಳಿದ್ದರು, ಪಕ್ಕದೂರಿನ ಕುಂಟ ಚಮ್ಮಾರನ ಅವಳಿಗಳಿದ್ದರು. ತನ್ನದೇ ಸೂರಿನ ಕೆಳಗೆ ಹುಟ್ಟಿದ ನಾಲ್ಕು ಮಕ್ಕಳು ಮಾತ್ರ ಇರಲಿಲ್ಲ.

ಹೆತ್ತ ತಂದೆ ತನ್ನ ಮಗುವಿಗೆ ತಾನೇ ಜ್ಞಾನತಂದೆಯಾಗಿ ನಿಲ್ಲಕೂಡದು. ಅದು ಚರ್ಚಿನ ಕಟ್ಟಳೆ, ಅಲ್ಲಿನ ಎಳೆಮಕ್ಕಳಿಗೂ ಗೊತ್ತು. ಅನ್ಸೆಲ್ಮೊಗೂ ಗೊತ್ತಿತ್ತು. ಕೊಂಡು ತಂದ ಹುಡುಗಿ ಕೂಗಲಾರಳು, ಓಡಲಾರಳು, ಓಡಿದರೂ ಹೋಗುವುದಕ್ಕೆ ಜಾಗವಿಲ್ಲ ಎನ್ನುವುದು ಗೊತ್ತಿದ್ದವನಿಗೆ ಅವಳ ಮೈಮೇಲೆ ಕೈ ಹಾಕುವುದು ಪಾಪವಾಗಿ ಕಾಣಲಿಲ್ಲ. ಹುಟ್ಟಿದ ಮಗುವಿನ ತಲೆಗೆ ನೀರು ಹೊಯ್ಯುವಾಗ ಪಕ್ಕದಲ್ಲಿ ನಿಲ್ಲುವುದು ಮಾತ್ರ ಪಾಪವಾಗಿ ಕಂಡಿತು. ಆ ಒಂದು ಪಾಪಕ್ಕೆ ಹೆದರಿ ನಾಲ್ಕು ಸಲ ಹಿಂದೆ ಸರಿದ. ಡೆಲ್ಫಿನಾ ಹೆಚ್ಚಿದ ಆಲೂಗಡ್ಡೆಯನ್ನು ಪಾತ್ರೆಗೆ ಎತ್ತಿ ಹಾಕಿದ ರಭಸಕ್ಕೆ ನೀರು ಒಲೆಯ ಮೇಲೆಲ್ಲ ಚೆಲ್ಲಿತು.

ಸಮಿತಿ ಸೇರುವುದು ತಿಂಗಳ ಮೊದಲ ಶನಿವಾರ, ಚರ್ಚಿನ ಪಕ್ಕದ ಸಭಾಮನೆಯಲ್ಲಿ. ಅಮ್ಮನಿಗೆ ಇದನ್ನೆಲ್ಲ ಹೇಗೆ ಹೇಳುವುದೆಂದು ತಿಳಿಯದೆ ಡೆಲ್ಫಿನಾ ಸುಮ್ಮನಿದ್ದಳು. ಒಬ್ಬಳೇ ಹೋಗಿ ಬರುತ್ತೇನೆಂದರೆ ಬೆನಿನ್ಯಾ ಕಪ್ಪು ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಳು.

"ನನ್ನ ಗುಂಡಿ ವಿಷಯ, ನಾನಿಲ್ದೆ ಮಾತಾಡ್ತೀರಾ?"

"ಅಲ್ಲಿ ಏನೇನೋ ಮಾತು ಬರತ್ತಮ್ಮ. ನಿನಗೆ ತಡ್ಕೊಳಕ್ಕಾಗಲ್ಲ."

"ಎಂಬತ್ಮೂರು ವರ್ಷ ಏನೇನು ತಡ್ಕೊಂಡಿದೀನಿ ಅಂತ ನಿನಗೇನು ಗೊತ್ತು? ಗಾಡಿ ತೆಗಿ."

ಸಭೆಯಲ್ಲಿ ಸಮಿತಿಯ ಐವರು ಮೇಜಿನ ಹಿಂದೆ, ಊರಿನ ಹದಿನೈದಿಪ್ಪತ್ತು ಜನ ಬೆಂಚುಗಳ ಮೇಲೆ. ಕಾರ್ಯದರ್ಶಿ ಎಪಿಮೆನಿಯೊ ತೊಂಬತ್ತು ದಾಟಿದ ಮುದುಕ, ವಾರಸುದಾರರ ದೊಡ್ಡ ಪುಸ್ತಕವನ್ನು ಮುಂದಿಟ್ಟುಕೊಂಡಿದ್ದ. ಡೆಲ್ಫಿನಾ ಮೊದಲು ಈಸ್ಟರ್ ಭಾನುವಾರದ ನಕಲನ್ನು ಗಟ್ಟಿಯಾಗಿ ಓದಿದಳು. 'ಕೊಂಡದ್ದು' ಎಂಬಲ್ಲಿ ಒಂದು ಕ್ಷಣ ನಿಲ್ಲಿಸಿ, ಮತ್ತೊಮ್ಮೆ ಓದಿದಳು. ಅಮ್ಮನ ಮುಖ ನೋಡುವ ಧೈರ್ಯ ಡೆಲ್ಫಿನಾಗೆ ಬರಲಿಲ್ಲ.

ಫಿಲಿಬೆರ್ತೊ ಗಂಟಲು ಸರಿಮಾಡಿಕೊಂಡ. "ಆಗಿನ ಕಾಲ ಹಾಗಿತ್ತಮ್ಮ. ಅದನ್ನ ಕೊಳ್ಳೋದು ಅಂತಿರಲಿಲ್ಲ, ಬಿಡಿಸ್ಕೊಂಡು ಬರೋದು ಅಂತಿದ್ರು. ಒಂದು ಆತ್ಮ ಉಳೀತು ಅಂತ ತಿಳ್ಕೋಬೇಕು."

"ಬಿಡಿಸ್ಕೊಂಡು ಬಂದೋರು ಅವಳ ಮನೆಗೆ ಯಾಕೆ ಬಿಡಲಿಲ್ಲ?"

ಅವನು ಅವಳ ಕೈಲಿದ್ದ ನಕಲಿನತ್ತ ಬೆರಳು ತೋರಿಸಿದ. "ಏನೇ ಆಗ್ಲಿ, ನೀನೇ ದಾಖಲೆ ತಂದೆ. ನಿಮ್ಮಜ್ಜಿ ಇಪ್ಪತ್ತೊಂದು ಮನೆತನದವಳಲ್ಲ ಅಂತ ನೀನೇ ತೋರಿಸ್ಕೊಟ್ಟೆ. ವಿಷಯ ಮುಗೀತಲ್ಲ?"

"ಇನ್ನೊಂದೇ ಒಂದು ಕೇಳ್ತೀನಿ. ನಿಮ್ಮ ಅಜ್ಜ ದೊನ್ ಅನ್ಸೆಲ್ಮೊ ನಲವತ್ಮೂರು ಮಕ್ಕಳಿಗೆ ಜ್ಞಾನತಂದೆ ಆದ್ರು ಅಂತ ಬರೆದಿದೀರಿ. ಅಷ್ಟೊಂದು ಯಾಕೆ?"

ಈ ಮಾತು ಫಿಲಿಬೆರ್ತೊಗೆ ಪ್ರಿಯವಾದದ್ದು. ಅವನ ಎದೆ ಅಷ್ಟಗಲವಾಯಿತು. "ಯಾಕಂದ್ರೆ ಅವರು ಯಾರಿಗೂ ಇಲ್ಲ ಅಂದವರಲ್ಲ. ಮಗು ಎತ್ಕೊಂಡು ಬಂದು ಕೇಳಿದವರನ್ನ ಬರಿಗೈಲಿ ಕಳಿಸೋದು ಪಾಪ ಅಂತಿದ್ರು. ಬಡವ ಬಲ್ಲಿದ ನೋಡ್ತಿರಲಿಲ್ಲ."

"ಚರ್ಚಿನ ಕಟ್ಟಳೆ ಪ್ರಕಾರ ಅವರು ಯಾರಿಗೆ ಜ್ಞಾನತಂದೆ ಆಗೋ ಹಾಗಿರಲಿಲ್ಲ?"

"ಅದೇನು ಪ್ರಶ್ನೆ? ತನ್ನ ಸ್ವಂತ ಮಕ್ಕ..." ಎಂದವನು ಅಲ್ಲೇ ನಿಂತ.

ಡೆಲ್ಫಿನಾ ನಾಲ್ಕು ನಕಲುಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು. "ನಿಮ್ಮ ಮನೇಲಿ ಹುಟ್ಟಿದ ನಾಲ್ಕು ಮಕ್ಕಳು. ಯಜಮಾನರು ನಿಂತ್ರು. ಎರಡನೇ ಮಗ ನಿಂತ್ರು. ಮೂರನೇ ಮಗ ನಿಂತ್ರು. ಅಳಿಯನೂ ನಿಂತ್ರು. ಊರಿಗೆಲ್ಲ ಇಲ್ಲ ಅನ್ನದ ಮನುಷ್ಯ ಹದಿನೈದು ವರ್ಷದಲ್ಲಿ ನಾಲ್ಕು ಸಲ, ಈ ನಾಲ್ಕು ಮಕ್ಕಳಿಗೆ ಮಾತ್ರ, ಯಾಕೆ ನಿಲ್ಲಲಿಲ್ಲ?"

"ಇಲ್ಲದ ಹೆಸರು ದಾಖಲೆ ಆಗತ್ತಾ?" ಫಿಲಿಬೆರ್ತೊನ ದನಿ ಏರಿತು. "ಸತ್ತವರ ಮೇಲೆ ಕೆಸರು ಎರಚೋಕೆ ಬಂದಿದೀಯಾ? ಮನೆಮಗಳ ಹಾಗೆ ಸಾಕಿದವರ ಮೇಲೆ..."

"ಫಿಲಿಬೆರ್ತೊ, ಸಾಕು ಸುಮ್ನಿರಪ್ಪ," ಎಂದದ್ದು ಎಪಿಮೆನಿಯೊ. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದ. "ನಮ್ಮಮ್ಮ ಸೂಲಗಿತ್ತಿ ಅನ್ನೋದು ಎಲ್ಲರಿಗೂ ಗೊತ್ತು. ಆ ನಾಲ್ಕು ಹೆರಿಗೆನೂ ಅವಳೇ ಮಾಡಿಸಿದ್ದು. ನಾಲ್ಕು ಸಲಾನೂ ಅಂಗಳದಲ್ಲಿ ಶತಪಥ ತಿರುಗ್ತಿದ್ದೋನು ಅನ್ಸೆಲ್ಮೊನೇ. ಬೆಳಗಾದ್ರೆ ನಮ್ಮನೆಗೆ ಒಂದು ಮೂಟೆ ಗೋಧಿ ಬರ್ತಿತ್ತು, ಬಾಯಿ ಮುಚ್ಕೊಂಡಿರು ಅಂತ. ಆ ಗೋಧಿ ರೊಟ್ಟಿ ನಾನೂ ತಿಂದಿದೀನಿ."

ಹಿಂದಿನ ಬೆಂಚಿನಿಂದ ಒಬ್ಬ ಮುದುಕಿ, "ಅದು ಯಾರಿಗೆ ಗೊತ್ತಿರಲಿಲ್ಲ?" ಎಂದಳು. ಇನ್ನೊಬ್ಬರು ಹೂಂಗುಟ್ಟಿದರು.

ಡೆಲ್ಫಿನಾಗೆ ಗೆದ್ದೆ ಎನ್ನಿಸಬೇಕಿತ್ತು. ಮೊದಲಿನ ಎರಡರಷ್ಟು ಸಿಟ್ಟು ಬಂತು. ಅವಳು ಎರಡು ವಾರ ಕತ್ತಲೆ ಕೋಣೆಯಲ್ಲಿ ಕಣ್ಣು ಕಳೆದುಕೊಂಡು ಹುಡುಕಿದ್ದು ಊರಿಗೆಲ್ಲ ಗೊತ್ತಿತ್ತು. ಅವಳ ಕೈಯಡುಗೆ ಉಂಡು ಬೆಳೆದವರಿಗೆ, ದಿನಾ ಚರ್ಚಿನಲ್ಲಿ ಪಕ್ಕ ಕೂರುವವರಿಗೆ, ಎಲ್ಲರಿಗೂ. ಗೊತ್ತಿರದಿದ್ದದ್ದು ಯಾರ ರಕ್ತವೋ ಅವರಿಗೆ ಮಾತ್ರ. ಕಾಗದದಲ್ಲಿ 'ವಿಷಾದಿಸುತ್ತೇವೆ' ಎಂದು ಎರಡು ಸಲ ಬರೆದದ್ದೂ ಎಪಿಮೆನಿಯೊನ ಕೈಯೇ.

ಫಿಲಿಬೆರ್ತೊ ಉಳಿದ ಮೂವರ ಕಿವಿಯಲ್ಲಿ ಏನೋ ಮಾತಾಡಿದ. ಮತ್ತೆ ಎದ್ದಾಗ ಅವನ ದನಿಯಲ್ಲಿ ಬೆಣ್ಣೆಯಿತ್ತು. "ಆಗಿದ್ದು ಆಗಿಹೋಯ್ತು. ನಾವು ಕಲ್ಲುಮನಸ್ಸಿನವರಲ್ಲ. ವಾಲ್ವೆರ್ದೆ ಮನೆತನದ ಸಾಕುಮೊಮ್ಮಗಳು ಅಂತ ಬರ್ಕೊಳೋಣ, ಎಲ್ಲರಿಗೂ ಮರ್ಯಾದೆ. ಜಾಗಾನೂ ಗೋಡೆ ಬುಡದಲ್ಲಿ ಬೇಡ. ನಮ್ಮಜ್ಜನ ಗೋರಿ ಸುತ್ತ ಕಬ್ಬಿಣದ ಕಟಕಟೆ ಇದೆಯಲ್ಲ, ಅದರೊಳಗೇ, ಅವರ ಪಕ್ಕದಲ್ಲೇ ಕೊಡ್ತೀವಿ. ನನಗೆ ಅಂತ ಇಟ್ಕೊಂಡಿದ್ದ ಜಾಗ."

"ಸಾಕುಮೊಮ್ಮಗಳು ಅಂತ ಬರೆದ್ರೆ ಪುಸ್ತಕ ಹರಿದು ಹಾಕ್ತೀನಿ," ಎಂದಳು ಡೆಲ್ಫಿನಾ. "ಬೆನಿನ್ಯಾ, ಮಗಳು. ಯಾರ ಮಗಳು ಅಂತ ಪೂರ್ತಿ ಬರೀರಿ. ಮೊದಲು ತಾಯಿ ಹೆಸರು. ಪಾಸ್ಕ್ವಾಲಾ, ನವಾಹೋ, ಆರನೇ ವಯಸ್ಸಲ್ಲಿ ಕೊಂಡು ತಂದದ್ದು. ಆಮೇಲೆ ಅವನ ಹೆಸರು."

"ತಂದೆ ಹೆಸರೇ ಮೊದಲು ಬರೆಯೋದು ಪದ್ಧತಿ..."

"ಪದ್ಧತಿ ನೋಡಿದೀನಿ. ಎರಡು ವಾರ ಅದನ್ನೇ ಓದಿದೀನಿ."

ಎಪಿಮೆನಿಯೊ ಅಧ್ಯಕ್ಷನ ಮುಖ ನೋಡದೆ ಬರೆಯತೊಡಗಿದ. ಪೆನ್ನಿನ ಸದ್ದು ನಿಲ್ಲುವವರೆಗೆ ಬೆನಿನ್ಯಾ ತಲೆ ತಗ್ಗಿಸಿಕೊಂಡೇ ಕೂತಿದ್ದಳು. ಆಮೇಲೆ ಕೋಲೂರಿ ಎದ್ದಳು.

"ಹೊಸ ವರ್ಷದ ದಿನ ಅಮ್ಮ ನಮ್ಮನ್ನ ಸಾಲಾಗಿ ನಿಲ್ಲಿಸ್ತಿದ್ಲು," ಎಂದಳು. ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯುವಂತಿರಲಿಲ್ಲ. "ಮನೆ ಹಿರಿಯರ ಕೈಗೆ ಮುತ್ತಿಟ್ಟು ಆಶೀರ್ವಾದ ಕೇಳ್ಬೇಕು. ಎಲ್ರೂ ಕೈ ಕೊಡ್ತಿದ್ರು. ದೊನ್ ಅನ್ಸೆಲ್ಮೊ ಮಾತ್ರ ಕೈ ಹಿಂದಕ್ಕೆ ಎಳ್ಕೊಳೋರು. ಪ್ರತಿ ವರ್ಷ. ನನ್ನ ಕೈ ಗಲೀಜಾಗಿದೆ, ಅದಕ್ಕೇ ಹೇಸ್ತಾರೆ ಅಂದ್ಕೊಂಡಿದ್ದೆ. ಬೂದಿ ಹಾಕಿ ತಿಕ್ತಿದ್ದೆ, ಚರ್ಮ ಕಿತ್ತು ಬರೋವರೆಗೆ. ಇವತ್ತಿನವರೆಗೂ ಹಾಗೇ ಅಂದ್ಕೊಂಡಿದ್ದೆ."

ಡೆಲ್ಫಿನಾ ಅಮ್ಮನ ತೋಳು ಹಿಡಿಯಲು ಬಂದಳು. ಬೆನಿನ್ಯಾ ಬಿಡಿಸಿಕೊಂಡಳು.

"ಫಿಲಿಬೆರ್ತೊ, ನಿನ್ನ ಕಟಕಟೆ ನೀನೇ ಇಟ್ಕೊ. ನಮ್ಮಮ್ಮ ಆ ಗಂಡಸು ಕರೆದಾಗೆಲ್ಲ ಒಳಗೆ ಹೋಗ್ಬೇಕಾಯ್ತು. ನಾನು ಹೋಗಲ್ಲ. ನನ್ನ ಜಾಗ ಅಮ್ಮನ ಪಕ್ಕ."

"ಅದು ಆಳುಗಳ ಸಾಲು, ತಾಯಿ. ವಾರಸುದಾರರನ್ನ ಅಲ್ಲಿ ಮಲಗಿಸೋ ಪದ್ಧತಿ ಇಲ್ಲ."

"ವಾರಸುದಾರಳು ಅಂತ ಈಗ ಬರ್ಕೊಂಡ್ರಲ್ಲ? ನೆಲದ ಒಡತಿ ಕೇಳ್ತಿದೀನಿ. ಎಲ್ಲಿ ಮಲಗ್ಬೇಕು ಅಂತ ನೀನು ಹೇಳ್ಕೊಡ್ತೀಯಾ?"

ಮೇಜಿನ ಹಿಂದಿನ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೈ ಎತ್ತಿದರು. ಎಪಿಮೆನಿಯೊ ಅದನ್ನೂ ಬರೆದುಕೊಂಡ. ಗೋಡೆಯ ಬುಡದ ಜಾಗ ಬೆನಿನ್ಯಾಳ ಹೆಸರಿಗಾಯಿತು.

ಬೆನಿನ್ಯಾ ಹೊರಡಲಿಲ್ಲ. ಕೋಲನ್ನು ಎಡಗೈಗೆ ಬದಲಿಸಿಕೊಂಡು ನಾಲ್ಕು ಹೆಜ್ಜೆ ನಡೆದು ಮೇಜಿನ ಮುಂದೆ, ಫಿಲಿಬೆರ್ತೊನ ಎದುರು ನಿಂತಳು. "ನಿನ್ನ ಬಟ್ಟೆ ಒಗೆದಿದೀನಿ, ನೀನು ತೊಟ್ಟಿಲಲ್ಲಿದ್ದಾಗ. ಆಗ ನಾನು ಕೆಲಸದವಳು. ಈಗ ಪುಸ್ತಕದಲ್ಲಿ ಏನಂತಿದೆ? ನಿಮ್ಮಪ್ಪನಿಗೂ ನನಗೂ ತಂದೆ ಒಬ್ನೇ. ನಾನು ನಿನಗೆ ಏನಾಗ್ಬೇಕು?"

ಸಂಬಂಧ ಲೆಕ್ಕ ಹಾಕುವುದರಲ್ಲಿ ಆ ಕಣಿವೆಯಲ್ಲೇ ಫಿಲಿಬೆರ್ತೊನನ್ನು ಮೀರಿಸಿದವರಿರಲಿಲ್ಲ.

"ಸೋದರತ್ತೆ," ಎಂದ.

ಅವಳು ಬಲಗೈ ಚಾಚಿದಳು. ಗಂಟು ಕಟ್ಟಿದ, ಕಂದುಬಣ್ಣದ ಕೈ. ಸೋದರತ್ತೆ ಕೈ ಚಾಚಿದಾಗ ಬಗ್ಗಿ ಮುತ್ತಿಡದ ಗಂಡಸು ಆ ಊರಿನಲ್ಲಿ ಹುಟ್ಟಿರಲಿಲ್ಲ, ಅವನಿಗೆ ಅರವತ್ತಾರಾದರೂ ಸರಿ, ಅವನು ಅಧ್ಯಕ್ಷನಾದರೂ ಸರಿ. ಇಪ್ಪತ್ತು ಜನ ನೋಡುತ್ತಿದ್ದರು. ಫಿಲಿಬೆರ್ತೊ ಮೇಜನ್ನು ಸುತ್ತಿ ಬಂದು, ಬಗ್ಗಿ, ಆ ಕೈಗೆ ತುಟಿ ಮುಟ್ಟಿಸಿದ. ಪದ್ಧತಿಯಂತೆ ಆಶೀರ್ವಾದಕ್ಕೆ ಕಾಯುತ್ತ ಹಾಗೇ ಬಗ್ಗಿ ನಿಂತ.

"ಕೈ ಕೊಟ್ಟಿದೀನಿ, ಅಷ್ಟೇ," ಎಂದಳು ಬೆನಿನ್ಯಾ. "ಆಶೀರ್ವಾದ ಬೇಕಾದ್ರೆ ಆಳುಗಳ ಸಾಲಿಗೆ ಹೋಗಿ ಅಮ್ಮನ್ನ ಕೇಳು."